ಅರಿಶಿನದ ಮುಖ, ಸೌತ್‌ಫೀಲ್ಡಿನ ಇಂಟರ್‌ವ್ಯೂ

ಮದುವಣಗಿತ್ತಿಯ ಮೇಕಪ್ ಸುಲಭ. ನಾಲ್ಕು ಜನ ನೋಡಲೆಂದೇ ಅದನ್ನು ಹಾಕುವುದು. ದಿನನಿತ್ಯದ ಮೇಕಪ್ ಹಾಗಲ್ಲ. ಆಫೀಸಿಗೆ ಹೋಗುವ ಐವತ್ತೆಂಟರ ಹೆಂಗಸಿನ ಮುಖ ಸ್ವಲ್ಪ ಎಳೆಯದಾಗಿ ಕಾಣಬೇಕು, ಆದರೆ ಆಕೆ ಅದಕ್ಕೆಂದು ಏನನ್ನೋ ಹಚ್ಚಿಕೊಂಡಿದ್ದಾಳೆ ಎಂಬ ಗುಮಾನಿ ಯಾರಿಗೂ ಬರಬಾರದು. ರಿಸೆಷನ್ನಿನ ಎರಡನೆಯ ಬೇಸಿಗೆಯಲ್ಲಿ ನನ್ನ ಜೀವ ಬಾಯಿಗೆ ತಂದದ್ದು ಈ ಎರಡನೆಯ ಜಾತಿಯ ಕೆಲಸ.

ಆಗ ನಾನು ಶಿಕಾಗೊ ಪಕ್ಕದ ನೇಪರ್‌ವಿಲ್ ಹತ್ತಿರದ ಒಂದು ಮಾಲ್‌ನಲ್ಲಿ, ಕಾಸ್ಮೆಟಿಕ್ಸ್ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಗಿರಾಕಿಗಳಿಗಿಂತ ಹೆಚ್ಚಾಗಿ ಕನ್ನಡಿಗಳನ್ನು ಒರೆಸಿದ ವರ್ಷ ಅದು. ಒಂದು ಮಧ್ಯಾಹ್ನ ಆಂಟಿ ಬಂದರು. ಲೆಮಾಂಟಿನ ದೇವಸ್ಥಾನದಲ್ಲಿ ಹಬ್ಬದ ದಿನ ಪುಳಿಯೋಗರೆ ಬಡಿಸುತ್ತಿದ್ದವರು, ಅಷ್ಟೇ ಪರಿಚಯ. ಮೈಸೂರಿನವರು, ಮೇನ್‌ಫ್ರೇಮ್ ಪ್ರೋಗ್ರಾಮಿಂಗಿನಲ್ಲಿ ಪಳಗಿದ ಎಂಜಿನಿಯರ್. ಪರ್ಸನ್ನು ಗಾಜಿನ ಮೇಲಿಟ್ಟು ಸುತ್ತ ಒಮ್ಮೆ ನೋಡಿದರು.

“ಹತ್ತು ವರ್ಷ ಕಮ್ಮಿ ಕಾಣ್ಬೇಕು ನೋಡಮ್ಮ. ಆದ್ರೆ ಮೇಕಪ್ ಮಾಡ್ಕೊಂಡಿದೀನಿ ಅಂತ ಒಬ್ರಿಗೂ ಗೊತ್ತಾಗ್ಬಾರ್ದು.”

“ಹತ್ತು ಆಗಲ್ಲ ಆಂಟಿ. ಐದು ಟ್ರೈ ಮಾಡೋಣ.”

“ಏಳು ಮಾಡು,” ಎಂದರು, ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವವರ ಹಾಗೆ. ಆದರೆ ನಗಲಿಲ್ಲ.

ಅವರ ಗಂಡ, ಅಂಕಲ್, ಮೊದಲು ಕೆಲಸ ಕಳೆದುಕೊಂಡಿದ್ದರು, ಆಮೇಲೆ ಆಂಟಿ. ಅಂಕಲ್‌ಗೆ ಹೃದಯದ ವಾಲ್ವ್ ಬದಲಿಸಲೇಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಆಂಟಿಯ ಹಳೆಯ ಕಂಪನಿಯ ಇನ್ಶೂರೆನ್ಸ್ ಆ ಬೇಸಿಗೆಯೊಂದಿಗೆ ಮುಗಿಯುತ್ತಿತ್ತು. ನಡುವೆ ಇನ್ಶೂರೆನ್ಸ್ ಇಲ್ಲದೆ ಖಾಲಿ ಬಿಟ್ಟರೆ, ಇದು ಹಳೆಯ ಕಾಯಿಲೆ ಎಂದು ಮುಂದಿನ ಇನ್ಶೂರೆನ್ಸಿನವರು ಕೈ ತೊಳೆದುಕೊಳ್ಳುವ ಕಾಲ ಅದು. ಆಂಟಿ ಅಪ್ಲೈ ಮಾಡದ ಕಂಪನಿ ಇರಲಿಲ್ಲ. ಫೋನಿನಲ್ಲಿ ಮಾತಾಡಿಸಿದವರೆಲ್ಲ ಎದುರಿಗೆ ಬನ್ನಿ ಎನ್ನುತ್ತಿದ್ದರು. ಎದುರಿಗೆ ನೋಡಿದವರು ಯಾರೂ ಮತ್ತೆ ಫೋನ್ ಮಾಡುತ್ತಿರಲಿಲ್ಲ.

“ನನ್ನ ಮಾತು ಪಾಸ್ ಆಗ್ತಿದೆ, ಮುಖ ಫೇಲ್ ಆಗ್ತಿದೆ,” ಎಂದರು. “ಈಗ ಮಿಷಿಗನ್ನಿನ ಸೌತ್‌ಫೀಲ್ಡ್‌ನಲ್ಲಿ ಒಂದು ಬಂದಿದೆ. ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರು, ಎಲ್ಲಾ ಹಳೇ ಮೇನ್‌ಫ್ರೇಮು. ನನ್ನ ಕೆಲ್ಸಾನೇ ಅದು. ಇದೂ ಹೋದ್ರೆ ಇನ್ಯಾವ್ದೂ ಇಲ್ಲ.”

ಆವತ್ತೇ ಕೂರಿಸಿ ಮೊದಲ ಟ್ರಯಲ್ ಮಾಡಿದೆ. ಕೌಂಟರಿನ ಅಭ್ಯಾಸದಂತೆ ಮುಖಕ್ಕೆಲ್ಲ ಫೌಂಡೇಶನ್, ಕಣ್ಣ ಕೆಳಗಿನ ಕಪ್ಪಿಗೆ ದಪ್ಪವಾಗಿ ಕನ್ಸೀಲರ್, ಎಲ್ಲ ಕೂರಲೆಂದು ಮೇಲೆ ಪೌಡರ್. ಹಾಕಿದಾಗ ಚೆನ್ನಾಗಿಯೇ ಇತ್ತು. ಆಂಟಿ ನಾಲ್ಕು ಮಾತಾಡಿದ ಮೇಲೆ ಪೌಡರೆಲ್ಲ ಸುಕ್ಕಿನೊಳಗೆ ಇಳಿದು ಒಂದೊಂದು ಗೆರೆಯೂ ಎದ್ದು ಕಂಡಿತು. ಕನ್ನಡಿ ನೋಡಿ ಅವರು, “ಥೇಟ್ ನಮ್ಮತ್ತೆ ಕಣೇ,” ಎಂದರು.

ಎಲ್ಲ ಒರೆಸಿ ಮತ್ತೆ ಶುರು ಮಾಡಿದೆ. ವಯಸ್ಸಾದ ಚರ್ಮಕ್ಕೆ ಪೌಡರು ಶತ್ರು, ತೇವ ನೆಂಟ. ಮೊದಲು ಮಾಯಿಶ್ಚರೈಸರ್ ಹಚ್ಚಿ, ಚರ್ಮ ಅದನ್ನು ಹೀರಿಕೊಳ್ಳುವವರೆಗೆ ಕೈ ಕಟ್ಟಿ ಕೂರಬೇಕು. ಕನ್ಸೀಲರನ್ನು ಕಣ್ಣಿನ ಒಳಮೂಲೆಗೆ ಮಾತ್ರ, ಅಕ್ಕಿಕಾಳಿನಷ್ಟು ಇಡಬೇಕು. ಫೌಂಡೇಶನ್ನು ಒದ್ದೆ ಸ್ಪಾಂಜಿನಿಂದ ಮುಖದ ನಡುಭಾಗಕ್ಕಷ್ಟೇ ಸಾಕು. ಬ್ಲಶ್ ಕ್ರೀಮಿನದಾಗಿರಬೇಕು, ಅದನ್ನು ಕೆನ್ನೆಯ ಗುಳಿಗಿಂತ ಮೇಲೆ, ಎಲುಬಿನ ಹತ್ತಿರ ಹಚ್ಚಬೇಕು, ಇಲ್ಲದಿದ್ದರೆ ಮುಖ ಜೋತುಬಿದ್ದಂತೆ ಕಾಣುತ್ತದೆ. ಇಷ್ಟಕ್ಕೆಲ್ಲ ಆಂಟಿ ಒಪ್ಪಿದರು. ಜಗಳವಾದದ್ದು ಕಾಡಿಗೆಗೆ. ನಮ್ಮ ಹೆಂಗಸರು ಕೆಳರೆಪ್ಪೆಯ ಒಳಗೆ ತುಂಬಿಕೊಳ್ಳುವ ಕಾಡಿಗೆ ಸಂಜೆಯ ಹೊತ್ತಿಗೆ ಕೆಳಗೆ ಜಾರಿ ಕಣ್ಣಿಗೆ ಸುಸ್ತು ತರುತ್ತದೆ. ಅದನ್ನು ಮೇಲಿನ ರೆಪ್ಪೆಗೆ, ಕೂದಲ ಬುಡಕ್ಕೆ ಸಾಗಿಸಬೇಕು ಎಂದೆ. “ಹುಟ್ಟಿದಾಗಿಂದ ಕೆಳಗೇ ಹಚ್ಚಿರೋದು,” ಎಂದು ಅವರು ಹಟ ಹಿಡಿದರು. ಒಂದು ಕಣ್ಣಿಗೆ ಅವರ ಥರ, ಇನ್ನೊಂದಕ್ಕೆ ನನ್ನ ಥರ ಹಚ್ಚಿ ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿ, ಅವರದೇ ಕಣ್ಣನ್ನು ಟಿಶ್ಯೂವಿನಿಂದ ತಾವೇ ಒರೆಸಿಕೊಂಡರು.

ಮನೆಯಲ್ಲಿ ಅಭ್ಯಾಸ ಮಾಡಿ ಎಂದು ಕಳಿಸಿದೆ. ಮಾಡಿದರು, ಆದರೆ ಕಾಡಿಗೆ ಒಂದೊಂದು ಕಣ್ಣಿಗೆ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಕೊನೆಗೆ ನನ್ನನ್ನೇ ಜೊತೆಗೆ ಬಾ ಎಂದರು. ಅಂಗಡಿಯಲ್ಲಿ ನನ್ನ ಶಿಫ್ಟುಗಳನ್ನು ಕತ್ತರಿಸಿದ್ದರಿಂದ ಇಂಟರ್‌ವ್ಯೂ ಇದ್ದ ಶುಕ್ರವಾರ ಖಾಲಿಯಿದ್ದೆ. ಗುರುವಾರ ಸಂಜೆ ನನ್ನ ಕಾರಿನಲ್ಲಿಯೇ ಹೊರಟೆವು. ಅಂಕಲ್ ಬಾಗಿಲವರೆಗೆ ಬಂದರು. ಅಷ್ಟು ನಡೆದದ್ದಕ್ಕೇ ಅವರಿಗೆ ಉಬ್ಬಸ. “ಧೈರ್ಯವಾಗಿ ಮಾತಾಡು,” ಎಂದಷ್ಟೇ ಹೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತರು.

ಸೌತ್‌ಫೀಲ್ಡಿಗೆ ಹತ್ತಿರದಲ್ಲೇ ಆಂಟಿಯ ನಾದಿನಿ, ಅಂದರೆ ಅಂಕಲ್‌ನ ತಂಗಿಯ ಮನೆ. ರಾತ್ರಿ ಅಲ್ಲಿಯೇ ಉಳಿದೆವು. ಕೆಲಸ ಸಿಕ್ಕರೆ ವಾರವಿಡೀ ಆಂಟಿ ಅದೇ ಮನೆಯ ಬೇಸ್‌ಮೆಂಟಿನಲ್ಲಿ ಇರುವುದೆಂದೂ ಶುಕ್ರವಾರ ನೇಪರ್‌ವಿಲ್ಲಿಗೆ ಡ್ರೈವ್ ಮಾಡುವುದೆಂದೂ ಮಾತಾಗಿತ್ತು. ನಾದಿನಿ ಬಹಳ ಮಡಿಯ, ಬಹಳ ಪ್ರೀತಿಯ ಹೆಂಗಸು. ಎರಡೂ ಸೇರಿದರೆ ಏನಾಗುತ್ತದೆ ಎಂಬುದು ಬೆಳಿಗ್ಗೆ ಗೊತ್ತಾಯಿತು.

ಮಿಷಿಗನ್ ನಮಗಿಂತ ಒಂದು ಗಂಟೆ ಮುಂದು. ನನ್ನ ಮೈ ಇನ್ನೂ ಶಿಕಾಗೊ ಸಮಯದಲ್ಲಿಯೇ ಮಲಗಿತ್ತು. ಎದ್ದು ಕೆಳಗಿಳಿದಾಗ ಊದುಬತ್ತಿಯ ವಾಸನೆ. ಡೈನಿಂಗ್ ಟೇಬಲಿನ ಮುಂದೆ ಆಂಟಿ ತಲೆಗೆ ಟವಲ್ ಸುತ್ತಿಕೊಂಡು ಕೂತಿದ್ದರು. ತಿರುಗಿ ನೋಡಿದರು. ಹಣೆಯಿಂದ ಗಲ್ಲದವರೆಗೆ ಮುಖ ಹಳದಿ. ಸುಮ್ಮನೆ ಹಳದಿಯಲ್ಲ, ಚಿತ್ರಾನ್ನದ ಹಳದಿ.

“ಶ್ರಾವಣ ಶುಕ್ರವಾರ ಅಲ್ವಾ,” ಎಂದು ನಾದಿನಿ ಕಾಫಿ ತಂದಿಟ್ಟರು. “ಅತ್ತಿಗೆಗೆ ಎಣ್ಣೆನೀರು ಹಾಕಿ, ಕೆನೇಲಿ ಕಲ್ಸಿ ಅರಿಶಿನ ಹಚ್ಚಿದೆ. ಅಣ್ಣನ ಹೆಸ್ರಲ್ಲಿ. ಮುಖ ಹೆಂಗೆ ಲಕ್ಷಣವಾಗಿದೆ ನೋಡು.”

“ಯಾವ ಅರಿಶಿನ ಅಕ್ಕಾ?”

“ಕಸ್ತೂರಿ ಅರಿಶಿನ ಮುಗ್ದೋಗಿತ್ತು. ಅಡಿಗೇದೇ ಹಚ್ಚಿದೆ. ಇಂಡಿಯನ್ ಸ್ಟೋರ್ದು, ಒಳ್ಳೇದೇ.”

ಕಸ್ತೂರಿ ಅರಿಶಿನ ಮುಖಕ್ಕೆ ಹತ್ತುವುದಿಲ್ಲ. ಅಡಿಗೆಯದು ಹತ್ತಿದರೆ ಬಿಡುವುದಿಲ್ಲ. ಇದು ಆ ಮನೆಯಲ್ಲಿದ್ದ ಮೂವರಿಗೂ ಗೊತ್ತಿರಬೇಕಾದ ವಿಷಯವೇ. ಎಣ್ಣೆನೀರಿನ ಬಿಸಿಗೆ ಚರ್ಮ ಸಡಿಲವಾಗಿದ್ದಾಗ ಕೆನೆಯ ಜೊತೆ ಹಚ್ಚಿ, ಅದು ಒಣಗುವವರೆಗೆ ದೇವರ ಮುಂದೆ ಕೂರಿಸಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಏನ್ ಕೆಲಸ ಮಾಡ್ಬಿಟ್ರಿ ಅಕ್ಕಾ! ಇವತ್ತು ಒಂದು ದಿನ ಬಿಟ್ಟಿದ್ರೆ ದೇವ್ರು ಕೋಪ ಮಾಡ್ಕೋತಿದ್ನಾ?”

ನಾದಿನಿಯ ಮುಖ ಸಪ್ಪಗಾಯಿತು. ಆಂಟಿ ನನ್ನನ್ನು ದುರುಗುಟ್ಟಿ ನೋಡಿದರು. ಆ ಹಳದಿ ಮುಖದಲ್ಲಿ ಕಣ್ಣು ಇನ್ನಷ್ಟು ಬೆಳ್ಳಗೆ, ಇನ್ನಷ್ಟು ಜೋರಾಗಿ ಕಂಡವು.

“ಅವಳನ್ನ ಅನ್ಬೇಡ. ಅವರ ಹೆಸರು ಹೇಳಿ ಹಚ್ಚೋಕೆ ಬಂದಾಗ ಬೇಡ ಅನ್ನೋದು ಹೆಂಗೆ ಹೇಳು? ನೀನಾಗಿದ್ರೆ ಅಂತಿದ್ಯಾ?”

ನನಗೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಆಂಟಿ ಎದ್ದು ಬಾತ್‌ರೂಮಿಗೆ ಹೋಗಿ ಸೋಪು ಹಚ್ಚಿಬಿಟ್ಟರು. “ಸೋಪು ಬೇಡ ಆಂಟಿ!” ಎಂದು ನಾನು ಓಡುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದು ಆರತಿ ಎತ್ತಿದ ಎಲ್ಲರಿಗೂ ಗೊತ್ತು. ಸೋಪಿನದೂ ಅದೇ ಗುಣ. ಕಿವಿಯ ಹತ್ತಿರ, ಮೂಗಿನ ಪಕ್ಕ, ಹುಬ್ಬಿನಲ್ಲಿ ಕೆಂಪು ಮಿಶ್ರಿತ ಕಂದು ಕಲೆಗಳು ಎದ್ದವು.

ಇಂಟರ್‌ವ್ಯೂ ಹನ್ನೊಂದಕ್ಕೆ. ನಾನು ನಿಧಾನವಾಗಿ ಮಾಡಬೇಕೆಂದು ಇಟ್ಟುಕೊಂಡಿದ್ದ ಹೊತ್ತೆಲ್ಲ ಈಗ ಬರೀ ತೊಳೆಯಲು ಬೇಕಿತ್ತು. ಮೊದಲು ಮೊಸರು ಸವರಿ ಆ ಕೆಂಪನ್ನು ಇಳಿಸಿದೆ. ಅರಿಶಿನ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಗ್ಗುತ್ತದೆ. ಕೊಬ್ಬರಿ ಎಣ್ಣೆ ತರಿಸಿ, ಹತ್ತಿಯಲ್ಲಿ ಅದ್ದಿ, ಒತ್ತದೆ ಒರೆಸುತ್ತ ಬಂದೆ. ಹತ್ತಿಯ ಉಂಡೆಗಳು ಹಳದಿಯಾಗಿ ಸಿಂಕಿನಲ್ಲಿ ಗುಡ್ಡೆಬಿದ್ದವು. ಆಮೇಲೆ ಜಿಡ್ಡು ತೆಗೆಯಲು ಕಡಲೆಹಿಟ್ಟಿನ ನೀರು. ಎರಡು ಸುತ್ತು ಮಾಡಿದ ಮೇಲೆ ಕೆನ್ನೆ ಒಂದು ಮಟ್ಟಕ್ಕೆ ಬಂತು. ಉಳಿದದ್ದು ಮಾತ್ರ ನೋಡುವ ಹಾಗಿರಲಿಲ್ಲ. ಸುಕ್ಕುಗಳಲ್ಲಿ ಅರಿಶಿನ ಹಾಗೇ ಕೂತಿತ್ತು. ಕಣ್ಣ ಪಕ್ಕದ ಗೆರೆ, ಹಣೆಯ ಗೆರೆ, ತುಟಿಯ ಎರಡೂ ಬದಿಯ ಗೆರೆಗಳನ್ನು ಯಾರೋ ಹಳದಿ ಪೆನ್ನಿನಿಂದ ತಿದ್ದಿದ ಹಾಗಿತ್ತು. ಹುಬ್ಬಿನಲ್ಲಿದ್ದ ನಾಲ್ಕಾರು ಬಿಳಿಕೂದಲೂ ಬಣ್ಣ ಹಿಡಿದಿದ್ದವು.

ಆಂಟಿ ಕನ್ನಡಿ ನೋಡಿದರು. ಅದಕ್ಕೆ ಬೆನ್ನು ತಿರುಗಿಸಿ ಕೂತರು.

ಕೌಂಟರಿನಲ್ಲಿ ಅವರ ಚರ್ಮಕ್ಕೆ ಹೊಂದಿಸಿ ತಂದಿದ್ದ ಫೌಂಡೇಶನ್ನನ್ನು ದವಡೆಯ ಮೇಲೆ ಚೂರು ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬೂದಿ ಬಳಿದಂತಾಯಿತು. ದಪ್ಪ ಹಚ್ಚಿದರೆ ಹಳದಿ ಮುಚ್ಚುತ್ತದೆ, ಆದರೆ ದಪ್ಪ ಹಚ್ಚಿದರೆ ಮತ್ತೆ ಅವರ ಅತ್ತೆಯೇ. ಮೂರನೆಯ ಸಲ ಎಣ್ಣೆ ಹಾಕಿ ಉಜ್ಜಲು ಶುರು ಮಾಡಿದೆ. ಕೆನ್ನೆ ಕೆಂಪಗೆ ಉಬ್ಬತೊಡಗಿತು. ಇನ್ನೂ ಉಜ್ಜಿದರೆ ಸಿಪ್ಪೆ ಏಳುತ್ತದೆ ಎಂದು ಗೊತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ.

“ಬಿಡಮ್ಮ ಸಾಕು,” ಎಂದು ಆಂಟಿ ನನ್ನ ಮಣಿಕಟ್ಟು ಹಿಡಿದರು. “ಹೆಂಗಿದೆಯೋ ಹಂಗೇ ಹೋಗ್ತೀನಿ. ನಮ್ಮನೆಯವರ ಹಣೇಲಿ ಏನ್ ಬರ್ದಿದೆಯೋ ಅದು.”

ಆ ಮಾತಿಗೆ ಬಾಗಿಲ ಹತ್ತಿರ ನಿಂತಿದ್ದ ನಾದಿನಿ ಒಳಗೆ ಬಂದರು. ಇಷ್ಟು ಹೊತ್ತೂ ಅವರು ಸೆರಗಿನ ತುದಿ ತಿರುವುತ್ತ ಅಲ್ಲೇ ನಿಂತಿದ್ದರು ಎಂಬುದನ್ನು ನಾನು ಗಮನಿಸಿರಲಿಲ್ಲ.

“ಬಟ್ಟೆಗೆ ಅರಿಶಿನ ಹತ್ತಿದ್ರೆ ನಾನು ಉಜ್ಜೋದಿಲ್ಲಪ್ಪ. ಒದ್ದೆ ಮಾಡಿ ಬಿಸಿಲಿಗೆ ಹಾಕ್ತೀನಿ. ಅದಾಗದೇ ಹೋಗುತ್ತೆ,” ಎಂದರು. ನನ್ನ ಕಡೆ ನೋಡಲು ಹೆದರಿ, ಟವಲಿಗೆ ಹೇಳುವ ಹಾಗೆ ಹೇಳಿದರು.

ನಾನು ಕೈ ನಿಲ್ಲಿಸಿದೆ. ಹೌದಲ್ಲ! ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ಮುಖವನ್ನು ಬಿಸಿಲಿಗೆ ಒಡ್ಡಿ ಕೂತರೆ ಮೇಕಪ್ಪಿಗೆ ಉಳಿದಿರುವ ಹೊತ್ತೂ ಹೋಗುತ್ತದೆ. ಫೌಂಡೇಶನ್ ಹಚ್ಚಿ, ಕೂರಲು ಬಿಟ್ಟು, ತಿದ್ದುವುದಕ್ಕೆಲ್ಲ ಆಮೇಲೆ ಸಮಯವಿರುವುದಿಲ್ಲ. ಮುಚ್ಚುವುದೋ, ಮಾಸಲು ಬಿಡುವುದೋ, ಎರಡರಲ್ಲಿ ಒಂದನ್ನು ಈಗಲೇ ಆರಿಸಬೇಕಿತ್ತು. ಫೌಂಡೇಶನ್ ಬಾಟಲಿಯ ಮುಚ್ಚಳ ತಿರುಗಿಸಿ ಬ್ಯಾಗಿನ ತಳಕ್ಕೆ ಹಾಕಿದೆ. “ನಡೀರಿ ಆಂಟಿ, ಡೆಕ್ ಮೇಲೆ,” ಎಂದೆ.

ಮನೆಯ ಹಿಂದಿನ ಮರದ ಡೆಕ್‌ನಲ್ಲಿ ಒಳ್ಳೆಯ ಬಿಸಿಲಿತ್ತು. ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ ಪೂರ್ವಕ್ಕೆ ಮುಖ ಮಾಡಿಸಿದೆ. ನಾದಿನಿ ಬಟ್ಟಲಲ್ಲಿ ನೀರು ಹಿಡಿದು, ಒದ್ದೆ ಬಟ್ಟೆಯನ್ನು ಅತ್ತಿಗೆಯ ಹಣೆಗೆ, ಕೆನ್ನೆಗೆ ಒತ್ತುತ್ತ ನಿಂತರು. ಆಂಟಿ ಕಣ್ಣು ಮುಚ್ಚಿ, ಕೇಳಬಹುದಾದ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ತಮ್ಮಷ್ಟಕ್ಕೆ ಉತ್ತರ ಹೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಬಿಳಿಯ ಮುದುಕ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ನಡುವೆ ಒಂದು ಮೋಡ ಬಂತು. ಅದು ಸರಿಯುವವರೆಗೆ ನಾನು ಆ ಮೋಡಕ್ಕೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

“ಹೋಗ್ತಿದೆಯೇನೇ?” ಎಂದು ಆಂಟಿ ಕಣ್ಣು ತೆರೆಯದೆ ಕೇಳಿದರು.

“ಹೋಗ್ತಿದೆ ಅತ್ತಿಗೆ, ಅಲ್ಲಾಡಬೇಡಿ,” ಎಂದರು ನಾದಿನಿ. ಆಗಿನ್ನೂ ಏನೂ ಹೋಗಿರಲಿಲ್ಲ.

ಆದರೆ ಹೋಯಿತು. ಪೂರ್ತಿಯಾಗಿ ಅಲ್ಲ. ಗೆರೆಗಳ ಗಾಢ ಹಳದಿ ಮೊದಲು ತಿಳಿಯಾಯಿತು, ಉಜ್ಜಿದ ಕೆಂಪೂ ತಣ್ಣೀರಿಗೆ ಇಳಿಯಿತು. ಇನ್ನೂ ಕಾಯುವಂತಿರಲಿಲ್ಲ. ಹಳದಿ ಹಟ ಹಿಡಿದು ಕೂತದ್ದು ಮೂಗಿನ ಪಕ್ಕದ ಮಡಿಕೆ, ಹಣೆಯ ಮೇಲಿನ ಕೂದಲಂಚು ಮತ್ತು ಕಣ್ಣಿನ ಹೊರಮೂಲೆಗಳಲ್ಲಿ. ಹಳದಿಯನ್ನು ಕೊಲ್ಲುವುದು ನೇರಳೆ. ಅದಕ್ಕೆಂದೇ ಬರುವ ಕ್ರೀಮು ನನ್ನ ಬಳಿಯಿರಲಿಲ್ಲ. ಮದುವೆಗಳಿಗೆಂದು ಇಟ್ಟುಕೊಂಡಿದ್ದ, ಹೊಳಪಿಲ್ಲದ ತಿಳಿನೇರಳೆ ಐಶ್ಯಾಡೊ ಇತ್ತು. ಅಂಗೈಯಲ್ಲಿ ಅದನ್ನು ಚೂರು ಕೆರೆದು ಮಾಯಿಶ್ಚರೈಸರಿನಲ್ಲಿ ಕಲಸಿದೆ. ಹೆಚ್ಚಾದರೆ ಮುಖ ಹೆಣದ ಬಣ್ಣಕ್ಕೆ ತಿರುಗುತ್ತದೆ. ಅತಿ ಸಣ್ಣ ಬ್ರಷ್ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ಮೂರು ಕಡೆಗಷ್ಟೇ ತಾಗಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಹಳದಿ ಕೂತಲ್ಲೇ ಅಡಗಿತು. ನಾದಿನಿ “ಅಬ್ಬಾ” ಎಂದರು.

ಬ್ಲಶ್ಶನ್ನು ಅಲ್ಲಿಯೇ ಬಿಸಿಲಿನಲ್ಲಿ ಹಚ್ಚಿದೆ. ಹುಬ್ಬಿನ ಹಳದಿ ಕೂದಲನ್ನು ಕಂದು ಪೆನ್ಸಿಲ್ಲಿನಿಂದ ಒಂದೊಂದಾಗಿ ಹುಡುಕಿ ಮುಚ್ಚಿದೆ. ಬ್ಲೇಜರ್ ತೊಡಿಸಿ ಕಾರಿಗೆ ಹತ್ತಿಸಿದೆವು. ದಾರಿಯಲ್ಲಿ ರಸ್ತೆ ರಿಪೇರಿ, ಕಿತ್ತಳೆ ಬಣ್ಣದ ಡ್ರಮ್ಮುಗಳ ಸಾಲು, ಆಮೆ ನಡಿಗೆ. ಆಂಟಿ ಬ್ಯಾಗಿನ ಹಿಡಿಯನ್ನು ಹಿಂಡುತ್ತಿದ್ದರು. ಹೆದ್ದಾರಿಯಿಂದ ಇಳಿಯುವ ಎಗ್ಸಿಟ್ ತಪ್ಪಿಸಿ ನಾನು ಸುತ್ತಿ ಬಂದೆ.

ಗಾಜಿನ ಟವರಿನ ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ಕೊನೆಯ ಕೆಲಸ ಮುಗಿಸಿದೆ. ಮೇಲಿನ ರೆಪ್ಪೆಯ ಬುಡಕ್ಕೆ ಕಾಡಿಗೆ, ರೆಪ್ಪೆಕೂದಲಿಗೆ ಒಂದೇ ಸಲ ಮಸ್ಕಾರಾ, ಲಿಪ್‌ಸ್ಟಿಕ್ಕನ್ನು ಕಡ್ಡಿಯಿಂದ ಎಳೆಯದೆ ಬೆರಳಿನಿಂದ ಒತ್ತಿದ್ದು. ಹಣೆಗೆ ಅವರು ಯಾವತ್ತೂ ಆಫೀಸಿಗೆ ಇಡುತ್ತಿದ್ದ ಸಣ್ಣ ಮರೂನ್ ಸ್ಟಿಕರನ್ನು ತಾವೇ ಇಟ್ಟುಕೊಂಡರು. ಫೌಂಡೇಶನ್ ಇಲ್ಲದ ಮುಖ. ಮಾಸಿ ಉಳಿದಿದ್ದ ಅರಿಶಿನ ಒಳಗಿನಿಂದ ತೆಳುವಾಗಿ ಬಿಸುಪು ಕೊಡುತ್ತಿತ್ತು. ಏಳು ವರ್ಷ ಕಡಿಮೆಯಾಯಿತೆಂದು ನಾನು ಹೇಳಲಾರೆ. ಮುಖದಲ್ಲಿದ್ದ ದಣಿವು ಹೋಗಿತ್ತು.

ಆಂಟಿ ಕಾರಿನ ಕನ್ನಡಿಯಲ್ಲಿ ನೋಡಿಕೊಂಡರು. “ಚೆನ್ನಾಗಿ ನಿದ್ದೆ ಮಾಡಿ ಎದ್ದಿರೋ ಹಾಗಿದೀನಿ,” ಎಂದರು. ಆ ತಿಂಗಳಲ್ಲಿ ಅವರು ನಿದ್ದೆ ಮಾಡಿದ್ದೆಷ್ಟೋ ದೇವರಿಗೇ ಗೊತ್ತು. ಇಳಿದು, ಬ್ಲೇಜರ್ ಎಳೆದುಕೊಂಡು, ತಿರುಗಿ ನೋಡದೆ ಒಳಗೆ ಹೋದರು.

ನಾನು ಕಾರಿನಲ್ಲಿ ಕೂತೆ. ಬ್ರಷ್‌ಗಳನ್ನು ಒರೆಸಿಟ್ಟೆ, ಮತ್ತೆ ತೆಗೆದು ಒರೆಸಿದೆ. ಒಳಗಿನ ಟ್ಯೂಬ್‌ಲೈಟಿನ ಬೆಳಕಲ್ಲಿ ಆ ನೇರಳೆ ಹೇಗೆ ಕಾಣುತ್ತದೋ ಎಂಬ ಯೋಚನೆ ಬಂತು. ಬಿಸಿಲಲ್ಲಿ ಸರಿಯಿದ್ದದ್ದು ಆಫೀಸಿನ ಬೆಳಕಲ್ಲಿ ಕೈಕೊಡುವುದುಂಟು. ನೋಡಲು ದಾರಿಯಿರಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಆಂಟಿ ಹೊರಗೆ ಬಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

“ಹೆಂಗಾಯ್ತು?”

“ಗೊತ್ತಿಲ್ಲ ಕಣೆ. ಮೂರು ಜನ ಇದ್ರು. ಒಂದು ಹಳೇ ಪ್ರೋಗ್ರಾಂ ಕೊಟ್ಟು ಎಲ್ಲಿ ತಪ್ಪಿದೆ ಹುಡುಕಿ ಅಂದ್ರು. ಹುಡುಕ್ದೆ. ಆಮೇಲೆ ಮ್ಯಾನೇಜರ್ ಹುಡುಗಿ ಒಬ್ಬಳು ನೀವು ವಾರ ವಾರ ಇಷ್ಟು ದೂರದಿಂದ ಬರ್ತೀರಾ, ಸುಸ್ತಾಗಲ್ವಾ ಅಂದ್ಳು. ನನ್ನ ನೋಡಿದ್ರೆ ಸುಸ್ತಾದವಳ ಹಾಗೆ ಕಾಣ್ತೀನಾ ಅಂತ ಕೇಳ್ದೆ.”

“ಅಯ್ಯೋ! ಅದಕ್ಕೇನಂದ್ಳು?”

“ನೋಡಿದ್ಳು. ಇಲ್ಲ ಅಂದ್ಳು. ಅಷ್ಟೇ.”

ನಾದಿನಿ ಕಟ್ಟಿಕೊಟ್ಟಿದ್ದ ಮೊಸರನ್ನವನ್ನು ಕಾರಿನಲ್ಲೇ ತಿಂದು ವಾಪಸು ಹೊರಟೆವು. ಆನ್ ಆರ್ಬರ್ ದಾಟಿತು, ಜಾಕ್ಸನ್ ದಾಟಿತು. ಆಂಟಿ ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಸೋಮವಾರದೊಳಗೆ ಹೇಳುತ್ತೇವೆ ಎಂದಿದ್ದರಂತೆ. ಹಿಂದಿನವರೂ ಹಾಗೇ ಹೇಳಿದ್ದರು. ನಡುವೆ ಅಂಕಲ್ ಒಂದು ಸಲ ಫೋನ್ ಮಾಡಿದರು. “ಇನ್ನೂ ಏನಿಲ್ಲ, ಮಾತ್ರೆ ತಗೊಂಡ್ರಾ?” ಎಂದು ಆಂಟಿ ಕೇಳಿ ಇಟ್ಟರು.

ಕಾಲಮಜೂ ಹತ್ತಿರ ಬಂದಾಗ ಫೋನು ಮತ್ತೆ ಹೊಡೆಯಿತು. ಆಂಟಿ ನಂಬರು ನೋಡಿ ಬೆನ್ನು ನೆಟ್ಟಗೆ ಮಾಡಿದರು. ನಾನು ರೇಡಿಯೊ ಆರಿಸಿದೆ. ನನಗೆ ಕೇಳಿಸಿದ್ದು ಈ ಕಡೆಯ ಮಾತಷ್ಟೇ.

“ಯೆಸ್... ಯೆಸ್, ಸ್ಪೀಕಿಂಗ್... ಐ ಸೀ.” ಟ್ರಕ್ಕೊಂದು ನಮ್ಮನ್ನು ದಾಟಿಕೊಂಡು ಹೋಯಿತು. “ಯೆಸ್, ಐ ಕ್ಯಾನ್ ಸ್ಟಾರ್ಟ್... ಒಂದು ಪ್ರಶ್ನೆ, ಸಾರಿ, ಒನ್ ಕ್ವೆಶ್ಚನ್. ಹೆಲ್ತ್ ಇನ್ಶೂರೆನ್ಸ್... ಫ್ರಮ್ ದ ಫಸ್ಟ್ ಡೇ? ಫಾರ್ ಮೈ ಹಸ್ಬೆಂಡ್ ಆಲ್ಸೊ?... ಓ, ಬೋತ್ ಆಫ್ ಅಸ್.”

ಮುಂದಿನ ಎಗ್ಸಿಟ್ ತೆಗೆದುಕೊಂಡು ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕಕ್ಕೆ ಕಾರು ನಿಲ್ಲಿಸಿದೆ. ನನ್ನ ಕೈಗಳು ಸ್ಟೀರಿಂಗ್ ಬಿಡಲಿಲ್ಲ. ಆಂಟಿ ಮೂರು ಸಲ ಥ್ಯಾಂಕ್ಯೂ ಹೇಳಿ ಫೋನನ್ನು ನಿಧಾನವಾಗಿ ಮುಚ್ಚಿದರು. ಆಮೇಲೆ ಅತ್ತರು. ಸದ್ದಿಲ್ಲದೆ ಅಳುವುದಲ್ಲ, ಬಾಯಿ ತೆರೆದು, ಭುಜ ಕುಲುಕಿಸಿ, ಇಷ್ಟು ತಿಂಗಳು ಅಂಕಲ್ ಮುಂದೆ ಅಳದೆ ಕೂಡಿಟ್ಟದ್ದನ್ನೆಲ್ಲ ಅತ್ತರು. ಮಸ್ಕಾರಾ ಕರಗಿ ಕೆನ್ನೆಗಿಳಿಯಿತು. ಬ್ಲೇಜರಿನ ತೋಳಿನಿಂದ ಮುಖ ಉಜ್ಜಿಕೊಂಡರು, ಬ್ಲಶ್ಶೂ ನೇರಳೆಯೂ ತೋಳಿಗೆ ಬಂದವು. ಬಣ್ಣವೆಲ್ಲ ಹೋದ ಮೇಲೆ ಐವತ್ತೆಂಟರ ಮುಖ, ಅದರ ಎಲ್ಲ ಗೆರೆಗಳೊಂದಿಗೆ, ನನ್ನ ಕಡೆ ತಿರುಗಿತು.

“ಅಯ್ಯೋ, ಬೆಳಿಗ್ಗೆಯಿಂದ ನೀನು ಪಟ್ಟ ಪಾಡೆಲ್ಲ ಹಾಳ್ಮಾಡ್ಬಿಟ್ನಲ್ಲೇ.”

“ಹಾಳಾಗ್ಲಿ ಬಿಡಿ ಆಂಟಿ,” ಎಂದೆ. “ಅಂಕಲ್ ಕಾಯ್ತಿದಾರೆ, ಫೋನ್ ಮಾಡಿ.”